ಹುಲಿಗೆಮ್ಮನ ಬಲಗೈ

ಹಿರಿಯೂರಿನ ವಯಸ್ಕರ ಶಾಲೆಯಲ್ಲಿ ಆಯಾ ಆಗಿರುವ ಹುಲಿಗೆಮ್ಮನ ಬಲಗೈ ಎಂಥದ್ದು ಅಂತ ತಿಳಿಯಬೇಕಾದರೆ ಅವಳ ಗಂಡನನ್ನೇ ಕೇಳಬೇಕು. ಒಂಬತ್ತನೇ ಕ್ಲಾಸಿನ ನಡುವೆ ಬಿಡಿಸಿ ಅವಳನ್ನು ಕಟ್ಟಿದ್ದು ಅವನಿಗೆ. ಹನ್ನೊಂದು ವರ್ಷ ಅವನು ಹೊಡೆದ, ಇವಳು ತಿಂದಳು. ಕಾದ ಸೌಟಿನ ಬರೆ ಈಗಲೂ ಕತ್ತಿನ ಮೇಲಿದೆ. ಹನ್ನೆರಡನೇ ವರ್ಷ, ಒಂದು ಬೆಳಿಗ್ಗೆ, ಅವನು ಮಗಳ ಜಡೆ ಹಿಡಿದು ತಲೆಯನ್ನು ಗೋಡೆಗೆ ಬಡಿದ. ಹುಲಿಗೆಮ್ಮ ಮುದ್ದೆ ತಿರುವುತ್ತಿದ್ದವಳು ಅದೇ ಕೋಲಿನಿಂದ ಬಾಯಿಗೆ ಬಿಟ್ಟಳು. ಎರಡು ಹಲ್ಲು ಪಾತ್ರೆಯೊಳಕ್ಕೇ ಬಿದ್ದವು. ಅವತ್ತಿನ ಮುದ್ದೆ ಯಾರೂ ಉಣ್ಣಲಿಲ್ಲ. ಅವನು ಹೋದವನು ಮತ್ತೆ ಬರಲಿಲ್ಲ.

ಶಾಲೆಯ ಸಿಬ್ಬಂದಿ ಅಂತ ಇದ್ದದ್ದು ಮೂರೇ ಜನ. ಹೆಡ್‌ಮಾಸ್ಟರು ರಾಜಶೇಖರ್, ಬಿಪಿ ಮಾತ್ರೆ ನುಂಗುವ ಬಡಕಲು ಮನುಷ್ಯ. ಪಾಠದ ಜೊತೆ ಆಫೀಸಿನ ಕೆಲಸವನ್ನೂ ನೋಡುವ ಬಿಂದು ಟೀಚರ್. ಮತ್ತೆ ಹುಲಿಗೆಮ್ಮ. ಎಸ್ಸೆಸ್ಸೆಲ್ಸಿ ಕಟ್ಟಲು ಜೂನ್‌ನಲ್ಲಿ ಮೂವತ್ತು ಹೆಂಗಸರು ಬರೋರು, ದೀಪಾವಳಿ ಹೊತ್ತಿಗೆ ಅರ್ಧ ಉಳಿಯೋರು. ಅದಕ್ಕೇ ಮೂವರೂ ಒಂದು ಕಟ್ಟುಪಾಡು ಮಾಡಿಕೊಂಡಿದ್ದರು: ಯಾರದೇ ಜಾಗ ಎರಡು ದಿನ ಖಾಲಿಯಾದರೆ ಮೂರನೇ ದಿನ ಅವರ ಮನೆ ಬಾಗಿಲಲ್ಲಿ ನಿಲ್ಲಬೇಕು. ತಪ್ಪಿದ ಪಾಠ ಬಿಂದು ಟೀಚರ್ ಹೇಳಿಕೊಡೋರು. ಗಂಡಸರ ಹತ್ತಿರ ಮಾಸ್ಟರು ಮಾತಾಡೋರು. ಮಾತು ನಡೆಯದ ಕಡೆ ಹುಲಿಗೆಮ್ಮ ಹೋಗೋಳು.

ಒಂದು ದಿನವೂ ತಪ್ಪಿಸದೆ ಬರುತ್ತಿದ್ದವಳು ಯಲ್ಲದಕೆರೆ ಕಡೆಯ ಹಟ್ಟಿಯ ಚಿತ್ತಮ್ಮ. ಹತ್ತನೇ ಕ್ಲಾಸ್ ಪಾಸಾದರೆ ಹಟ್ಟಿಯ ಅಂಗನವಾಡಿಯಲ್ಲಿ ಸಹಾಯಕಿ ಕೆಲಸಕ್ಕೆ ಅರ್ಜಿ ಹಾಕಬಹುದು, ಅಷ್ಟೇ ಅವಳ ಆಸೆ. ಬೆಳಿಗ್ಗೆ ಮಂಡಿಯಲ್ಲಿ ಈರುಳ್ಳಿ ಆರಿಸಿ ಮಧ್ಯಾಹ್ನ ಶಾಲೆಗೆ ಬರೋಳು. ಕುರಿ ಮೇಯಿಸುವ ಗಂಡ ಜುಂಜೇಶನಿಗೆ ಮಾತ್ರ ದಿನವಿಡೀ ಮಂಡಿಯಲ್ಲೇ ಇರ್ತೀನಿ ಅಂದಿದ್ದಳು. ಶಾಲೆಯವರಿಗೆ ಇದು ಗೊತ್ತಿರಲಿಲ್ಲ.

ಮಾರ್ಚ್ ಮೊದಲ ವಾರ ಬಿಂದು ಟೀಚರ್‌ಗೆ ಒಂದು ಒಳ್ಳೆ ಯೋಚನೆ ಬಂತು. ತಪ್ಪಿಸದೆ ಬಂದವರ ಮನೆಗೆ ಫೋನಿನಲ್ಲಿ ಹೊಗಳಿಕೆಯ ಮೆಸೇಜ್ ಕಳಿಸೋಣ, ಪರೀಕ್ಷೆತನಕ ಹುರುಪು ಇರಲಿ ಅಂತ. ಮೂವರೂ ಒಪ್ಪಿದರು. ಚಿತ್ತಮ್ಮನ ಅರ್ಜಿಯಲ್ಲಿ ಇದ್ದದ್ದು ಗಂಡನ ನಂಬರು.

ಜುಂಜೇಶ ಅದನ್ನು ಟೀ ಅಂಗಡಿಯಲ್ಲಿ ಓದಿಸಿಕೊಂಡ. ಬೆಂಚಿನ ಮೇಲಿದ್ದವರು ಬಿಡ್ತಾರಾ?

"ಏನಪ್ಪ ಜುಂಜೇಶ, ಹೆಂಡ್ತಿ ಸ್ಕೂಲಿಗೆ ಹೋಗ್ತಾಳಂತೆ! ಟಿಫನ್ ಡಬ್ಬಿ ನೀನೇ ಹೊರ್ತೀಯೋ ಹೆಂಗೆ?"

ಅವನು ನಗಲಿಲ್ಲ. ಮನೆಗೆ ಬಂದವನೇ ಅವಳ ಬಲಗೈಯನ್ನು ಹೊಸ್ತಿಲ ಮೇಲೆ ಇಟ್ಟು, ಮಣಿಕಟ್ಟನ್ನು ಕಾಲಲ್ಲಿ ಒತ್ತಿ ಹಿಡಿದು, ಕೊಡಲಿ ಕಾವಿನಿಂದ ಬಡಿದ. ಮೂರು ಬೆರಳು ಮುರಿದವು. ನಾಲ್ಕನೇ ಏಟಿಗೆ ಅವಳಿಗೆ ಎಚ್ಚರ ತಪ್ಪಿತು. ಪೊಲೀಸರು ಬರುವ ಹೊತ್ತಿಗೆ ಅವನು ಕುರಿ ಹೊಡಕೊಂಡು ಆಂಧ್ರದ ಗಡಿ ಕಡೆ ಹೋಗಿದ್ದ.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಬಿಂದು ಟೀಚರ್ ಗೋಡೆಗೆ ಹಣೆ ಒತ್ತಿ ಅತ್ತರು. "ನಾನೇ ಹೊಡೆದಂಗಾತು ಅಕ್ಕ."

"ಹೊಡೆದೋನು ಅವ್ನು. ಅತ್ತಿದ್ದು ಸಾಕು ಮೇಡಂ, ಪರೀಕ್ಷೆಗೆ ಹದಿನೆಂಟು ದಿನ ಐತೆ," ಅಂದಳು ಹುಲಿಗೆಮ್ಮ.

ಚಿತ್ತಮ್ಮ ಎಡಗೈಲಿ ಬರೆದು ನೋಡಿದಳು. ಒಂದು ಸಾಲಿಗೆ ಕಾಲು ಗಂಟೆ. ಅವಳು ಹೇಳಿದ್ದನ್ನು ಬೇರೆಯವರು ಬರೆಯಬಹುದು, ಆದರೆ ಬರೆಯುವವರು ಹತ್ತನೇ ಕ್ಲಾಸ್ ಮುಟ್ಟಿರಬಾರದು ಅಂತ ನಿಯಮ. ಮಾಸ್ಟರು ಅದನ್ನು ಓದಿ ತಲೆಯೆತ್ತಿದರೆ ಎದುರಿಗೆ ಹುಲಿಗೆಮ್ಮ ಕಸ ಗುಡಿಸುತ್ತಿದ್ದಳು.

"ಯಾಕ್ ಸಾ, ಹಂಗೆ ನೋಡ್ತೀರಿ?"

"ನಿನ್ನ ಓದು ಎಲ್ಲಿಗೆ ನಿಂತಿತ್ತಮ್ಮ?"

"ಒಂಬತ್ತಕ್ಕೆ. ಹಳೇ ಗಾಯ ಯಾಕ್ ಕೆರೀತೀರಿ?"

"ಕೆರೀತಿಲ್ಲ ತಾಯಿ. ನಿನ್ನಷ್ಟೇ ಓದಿರೋರು ಬೇಕಾಗಿತ್ತು."

ಅವತ್ತಿಂದ ಪೊರಕೆ ಮಾಸ್ಟರ ಕೈಗೆ, ಪೆನ್ನು ಹುಲಿಗೆಮ್ಮನ ಕೈಗೆ. ಬಿಂದು ಟೀಚರ್ ಎರಡು ದಿನ ದುರ್ಗದ ಕಚೇರಿಯಲ್ಲಿ ಕೂತು ಒಪ್ಪಿಗೆ ಪತ್ರ ತಂದರು. ಚಿತ್ತಮ್ಮ ಹುಲಿಗೆಮ್ಮನ ಬಾಡಿಗೆ ಕೋಣೆಯಲ್ಲೇ ಉಳಿದಳು. ಅವಳು ಹೇಳೋಳು, ಇವಳು ಬೆರಳು ಮರಗಟ್ಟುವ ತನಕ ಬರೆಯೋಳು.

ಮೊದಲ ಪರೀಕ್ಷೆಯ ಬೆಳಿಗ್ಗೆ ಮಾಸ್ಟರು ಮತ್ತು ಇಬ್ಬರು ಹೆಂಗಸರು ಪರೀಕ್ಷಾ ಕೇಂದ್ರದ ರಸ್ತೆಯಲ್ಲಿ ನಡೆದು ಹೋಗುತ್ತಿದ್ದರು, ಹಿಂದೆ ಸ್ಕೂಟರಿನಲ್ಲಿ ಬಿಂದು ಟೀಚರ್. ನಿಂತಿದ್ದ ಲಾರಿಯ ಮರೆಯಿಂದ ಜುಂಜೇಶ ಬಂದ. ಕೈಯಲ್ಲಿ ಅದೇ ಕೊಡಲಿ ಕಾವು.

"ಪರೀಕ್ಷೆ ಬರೀತೀಯೇನೇ? ತಲೇನೇ ಒಡೀತೀನಿ!"

ಮೊದಲ ಏಟಿಗೆ ಮಾಸ್ಟರು ಅಡ್ಡ ಬಂದರು. ಭುಜದ ಮೂಳೆ ಲಟ್ಟೆಂದಿತು. ಎರಡನೇದು ಹಣೆಗೆ. ಬಿಳಿ ಅಂಗಿ ಕೆಂಪಾಯಿತು. ಹುಲಿಗೆಮ್ಮ ಸೆರಗು ಸಿಕ್ಕಿಸಿ ಕೈ ಎತ್ತಿದ್ದಳು. ಬಿದ್ದಲ್ಲಿಂದಲೇ ಮಾಸ್ಟರು ಕೂಗಿದರು, "ಬ್ಯಾಡ ಹುಲಿಗೆಮ್ಮ! ಕೈ! ಕೈ ಉಳಿಸ್ಕೋ!"

ಹುಟ್ಟಿದಾಗಿನಿಂದ ಅವಳಿಗೆ ಅಷ್ಟು ಕಷ್ಟದ ಕೆಲಸ ಯಾರೂ ಹೇಳಿರಲಿಲ್ಲ. ಹುಲಿಗೆಮ್ಮ ಚಿತ್ತಮ್ಮನನ್ನು ಗೋಡೆಗೆ ಒತ್ತಿ, ಮೇಲೆ ಕವುಚಿಕೊಂಡು, ಎರಡೂ ಕೈಗಳನ್ನು ಕಂಕುಳಲ್ಲಿ ಹುದುಗಿಸಿ, ಅವನಿಗೆ ಬೆನ್ನು ಕೊಟ್ಟು ನಿಂತಳು. ಒಂದು ಏಟು. ಎರಡು. ಮೂರನೇದಕ್ಕೆ ತುಟಿ ಕಚ್ಚಿದ ಕಡೆ ರಕ್ತ ಬಂತು. ಕೈ ಹೊರಗೆ ಬರಲಿಲ್ಲ. ನಾಲ್ಕನೇದು ಬೀಳುವ ಮೊದಲು ಬಿಂದು ಟೀಚರ್ ಸ್ಕೂಟರನ್ನು ನೇರ ಅವನ ಮೊಣಕಾಲಿಗೆ ನುಗ್ಗಿಸಿದರು. ಅವನು ಬೊಬ್ಬೆ ಹೊಡೆದು ಉರುಳಿದ. ಗೇಟಿನಲ್ಲಿದ್ದ ಪೊಲೀಸಿನವನು ಓಡಿ ಬಂದು ಮೇಲೆ ಕೂತ.

"ಇನ್ನೇನು ಬೆಲ್ ಆಗ್ತದೆ, ಒಳಗೆ ಹೋಗ್ರಿ," ಅಂದರು ಮಾಸ್ಟರು, ರಕ್ತ ಒರೆಸಿಕೊಳ್ಳುತ್ತ.

ಕುರ್ಚಿಗೆ ಒರಗಲಾಗದೆ ಹುಲಿಗೆಮ್ಮ ಅವತ್ತು ಪೂರ್ತಿ ಬಗ್ಗಿಕೊಂಡೇ ಬರೆದಳು. ಮುಂದಿನ ಐದು ಪತ್ರಿಕೆಗಳಿಗೂ ಮಾಸ್ಟರು ಪಟ್ಟಿ ಕಟ್ಟಿದ ತೋಳು ಹೊತ್ತು ಗೇಟಿನ ತನಕ ಬಂದರು.

ಕೊನೆಯದು ಗಣಿತ. ಮುಗಿಸಿ ಹೊರಗೆ ಬಂದರೆ ಜಾಮೀನಿನ ಮೇಲೆ ಬಿಟ್ಟಿದ್ದ ಜುಂಜೇಶ ಗೇಟಿನ ಹತ್ತಿರ ನಿಂತಿದ್ದ. "ಆತಲ್ಲ ನಿನ್ನ ಆಟ? ನಡಿ ಹಟ್ಟಿಗೆ," ಅಂದ. ಚಿತ್ತಮ್ಮ ಅಲುಗಲಿಲ್ಲ. "ನಾ ಬರಾಕಿಲ್ಲ," ಅಂದಳು.

ಅವನು ಮುಂದಕ್ಕೆ ಬಂದ. ಹುಲಿಗೆಮ್ಮ ಪೆನ್ನನ್ನು ಸ್ಕೂಟರಿನ ಮೇಲೆ ಕಾಯುತ್ತಿದ್ದ ಬಿಂದು ಟೀಚರ್ ಕೈಗೆ ಕೊಟ್ಟು, ಬೆರಳಿನ ಶಾಯಿಯನ್ನು ಸೆರಗಿಗೆ ಒರೆಸಿಕೊಂಡು, ಬಳೆಯನ್ನು ಮೊಣಕೈ ಕಡೆ ಏರಿಸಿದಳು.

"ಲೇ ಜುಂಜೇಶ, ಇಷ್ಟು ದಿನ ಈ ಕೈ ಚಿತ್ತಮ್ಮಂದಾಗಿತ್ತು. ಈಗ ನಂದು. ಬಾ."

ಅವನು ಆ ಕೈ ನೋಡಿದ. ಸ್ಟಾರ್ಟ್ ಆಗಿ ನಿಂತಿದ್ದ ಸ್ಕೂಟರನ್ನೂ ನೋಡಿದ. ಹೆಜ್ಜೆ ಹಿಂದಿಟ್ಟು, ಕುಂಟುತ್ತ, ಬಸ್ ಸ್ಟ್ಯಾಂಡಿನ ಕಡೆ ಹೋದ.

ಅವನು ಮರೆಯಾದ ಮೇಲೆ ಚಿತ್ತಮ್ಮ ಕೇಳಿದಳು, "ಕೊನೇ ಲೆಕ್ಕ ಸರಿ ಬರೆದ್ಯೇನಕ್ಕ?"

"ನೀ ಹೇಳಿದಂಗೇ ಬರೆದೀನಿ. ತಪ್ಪಿದ್ರೆ ತಲೆ ನಿಂದು, ಕೈ ಮಾತ್ರ ನಂದು," ಅಂದಳು ಹುಲಿಗೆಮ್ಮ.