ಹದಿನೇಳರ ಉತ್ತರ

ಬೆಳಗಿನ ಐದೂವರೆ. ನೂರು ವರ್ಷದ ಮಾರುಕಟ್ಟೆಯ ಗಾಜಿನ ಮಾಡಿನಿಂದ ಬೂದು ಬೆಳಕು ಈಗಷ್ಟೇ ಕೆಳಗಿಳಿಯುತ್ತಿದೆ. ಕಬ್ಬಿಣದ ಬಾಗಿಲಾಚೆ ಚೀಲ ಹಿಡಿದ ಗಿರಾಕಿಗಳು. ಈಚೆ, ಎಲ್ಲರೂ ಬಾಗಿಲಮ್ಮ ಎಂದೇ ಕರೆಯುವ ಹೆಂಗಸು. ಕೀಲಿಕೈ ಗೊಂಚಲನ್ನು ಸೊಂಟಕ್ಕೆ ಒತ್ತಿಹಿಡಿದು ಕೂಗುತ್ತಾರೆ: "ಒಂದು!"

"ಹೂಂ," ಎನ್ನುತ್ತಾನೆ ಈರುಳ್ಳಿಯವನು.

"ಎರಡು!"

"ಇನ್ನೂ ಕಣ್ಣೇ ಬಿಟ್ಟಿಲ್ಲ ಕಣಮ್ಮ!" ಇದು ಸೊಪ್ಪಿನವಳು.

"ಬಾಯಿ ಬಿಟ್ಟಿದೀಯಲ್ಲ, ಅಷ್ಟು ಸಾಕು."

ಗಿರಾಕಿಗಳು ನುಗ್ಗುವಾಗ ಯಾರೂ ಹೊರೆ ಹೊತ್ತು ದಾರಿಯಲ್ಲಿರಬಾರದು. ಅದಕ್ಕೇ ನಲವತ್ತೆರಡು ಅಂಗಡಿಗಳೂ ಓಗೊಟ್ಟ ಮೇಲೆ ಬಾಗಿಲು ತೆರೆಯುವುದು ಇಲ್ಲಿನ ಕಟ್ಟಳೆ. ಅಜ್ಜಿಕಥೆಗಳಲ್ಲಿ ಮಾತಿಗೆ ತೆರೆಯುವ ಬಾಗಿಲುಗಳಿರುತ್ತಿದ್ದವು. ಇದೂ ಅದೇ ಜಾತಿಯದು.

ಅರವತ್ತಮೂರರ ಬಾಗಿಲಮ್ಮನಿಗೆ ಇದು ಮೂವತ್ತೊಂದನೇ ವರ್ಷ. ಕೂಗುವ ಮೊದಲೇ ಮೀನಿನ ಸಾಲಿಗೆ ಮೂವತ್ತು ಬಕೆಟ್ ನೀರು ಹೊಯ್ದು ಉಜ್ಜಿರುತ್ತಾರೆ. ಮೊಣಕಾಲು ಈಚೆಗೆ ಮಾತು ಕೇಳುವುದಿಲ್ಲ. ಆ ಸಾಲಿನ ಹದಿನೇಳನೇ ಅಂಗಡಿ ಅವರ ಗಂಡನದು. ಉಳಿದವರೆಲ್ಲ ಹೂಂಗುಟ್ಟಿದರೆ, ಅವರೊಬ್ಬರು ಮಾತ್ರ ಬಿಡಿಸಿ "ಇದ್ದೀನಿ" ಎನ್ನುತ್ತಿದ್ದರು.

"ಮನೇಲೂ ಅವರನ್ನ ಹದಿನೇಳು ಅಂತಲೇ ಕರೀತಿದ್ದೆ," ಎಂದು ಬಾಗಿಲಮ್ಮ ನಗುತ್ತಾರೆ. "ಬಚ್ಚಲಲ್ಲಿದ್ರೂ 'ಇದ್ದೀನಿ' ಅನ್ನೋರು. ಇಲ್ಲದೆ ಎಲ್ಲಿಗೆ ಹೋಗ್ತೀರಿ, ಅಂತ ರೇಗಿಸ್ತಿದ್ದೆ." ನಗು ಅಲ್ಲಿಗೇ ನಿಲ್ಲುತ್ತದೆ.

ಕಳೆದ ವರ್ಷ ಎದೆನೋವೆಂದು ಕೂತವರು ಏಳಲಿಲ್ಲ. ಎರಡು ವಾರದ ನಂತರ ಕೆಲಸಕ್ಕೆ ಮರಳಿದ ಬಾಗಿಲಮ್ಮ, ರೂಢಿಬಲದಿಂದ "ಹದಿನೇಳು!" ಎಂದುಬಿಟ್ಟರು. ಉತ್ತರವಿಲ್ಲ. ಹದಿನೆಂಟು ಎನ್ನಲು ನಾಲಿಗೆ ಏಳಲಿಲ್ಲ. ಹೊರಗಿನವರು ಬಾಗಿಲು ಬಡಿಯತೊಡಗಿದರು. ಆಗ ಪಕ್ಕದ ಮೊಟ್ಟೆಯಂಗಡಿಯ ಅಜ್ಜ ಮೆಲ್ಲಗೆ ಹೇಳಿದರು: "ಇದ್ದಾನೆ ಕಣಮ್ಮ. ಮುಂದೆ ಕೂಗು."

ಅಂದಿನಿಂದ ಬಾಗಿಲಮ್ಮ ಆ ಖಾಲಿ ಅಂಗಡಿಯನ್ನು ದಿನವೂ ಕೂಗುತ್ತಾರೆ, ಅಜ್ಜ ದಿನವೂ ಓಗೊಡುತ್ತಾರೆ. ಇವತ್ತೂ ಓಗೊಟ್ಟರು. ಇವತ್ತೇ ಕೊನೆ.

ಹದಿನೇಳು ನಾಳೆಯಿಂದ ಹೊಸಬಳೊಬ್ಬಳದು. ನಸುಕಿನಿಂದಲೇ ಅಂಗಡಿಯ ಕಲ್ಲಿನ ಕಟ್ಟೆ ಉಜ್ಜುತ್ತಿದ್ದ ಆ ಹುಡುಗಿ, ಕೂಗು ಮುಗಿದಾಗ ಒದ್ದೆ ಕೈಯಲ್ಲೇ ಹತ್ತಿರ ಬರುತ್ತಾಳೆ.

"ಅಮ್ಮಾ, ನಾಳೆ ನೀವು ಕೂಗಿದಾಗ ನಾನು ಏನನ್ನಲಿ?"

ನಲವತ್ತೆರಡೂ ಓಗೊಟ್ಟಾಗಿದೆ; ಬಾಗಿಲು ಮಾತ್ರ ತೆರೆದಿಲ್ಲ. ಮೂವತ್ತೊಂದು ವರ್ಷದಿಂದ ಗೊತ್ತಿರುವ ಕೀಲಿಕೈಯನ್ನು ಬಾಗಿಲಮ್ಮ ಗೊಂಚಲಿನಲ್ಲಿ ತಲೆ ತಗ್ಗಿಸಿ ಹುಡುಕುತ್ತಾರೆ.

"'ಬಂದೆ' ಅನ್ನು ಮಗಳೇ. 'ಹೂಂ' ಅನ್ನು. ಏನು ಬೇಕಾದ್ರೂ ಅನ್ನು. 'ಇದ್ದೀನಿ' ಅಂತ ಮಾತ್ರ ಅನ್ನಬೇಡ. ಅದೊಂದು ಅವರದಾಗೇ ಇರ್ಲಿ."