ಇರ್ಮಾಳ ಅಣಬೆ ಜಾಗ

ವೆರ್ನ್ಯಾದ್ ಊರಿನ ಗಂಡಸು ಬೇಕಾದರೆ ಹೆಂಡತಿಯನ್ನು ಪಕ್ಕದ ಮನೆಯವನ ಜೊತೆ ಸಂತೆಗೆ ಕಳಿಸಿಯಾನು, ಸೆಪ್ ಅಣಬೆ ಏಳುವ ಜಾಗವನ್ನು ಮಾತ್ರ ಯಾರಿಗೂ ತೋರಿಸಲಾರ. ಸಾಯುವಾಗ ಒಂದು ಕಿವಿಗೆ ಹೇಳಿ ಸಾಯಬೇಕು. ಒಂದೇ ಕಿವಿಗೆ. ಉಳಿದ ಮಕ್ಕಳು ಹೊಲ, ಮನೆ, ಬಾತುಕೋಳಿ ಏನು ಬೇಕಾದರೂ ಹಂಚಿಕೊಳ್ಳಲಿ, ಜಾಗ ಮಾತ್ರ ಪಾಲಾಗುವುದಿಲ್ಲ.

ಇರ್ಮಾ ದೆಲ್ಪೆಶ್ ಅದನ್ನು ಪಡೆದಾಗ ಅವಳಿಗೆ ಮೂವತ್ತಾರು. ಅಪ್ಪ ಹಾಸಿಗೆ ಹಿಡಿದಿದ್ದ ಫೆಬ್ರವರಿ ತಿಂಗಳು ಅದು. ಅಮ್ಮನಿಗೆ ಆಗಲೇ ಸೊಂಟ ಬಿದ್ದು ಹೋಗಿತ್ತು. ತಮ್ಮ ಫಿರ್ಮೆನ್ ಮದುವೆಯಾಗಿ ಕೆಳಗಿನ ಕೇರಿಯಲ್ಲಿ ಬೇರೆ ಮನೆ ಮಾಡಿದ್ದ. ಅಪ್ಪ ಇವಳ ಮಣಿಕಟ್ಟು ಹಿಡಿದು, "ನಿನಗೊಬ್ಬಳಿಗೇ ಹೇಳ್ತಿದೀನಿ ಮಗಳೇ. ಫಿರ್ಮೆನ್‌ಗೂ ಹೇಳಿಲ್ಲ. ನೀನು ಈ ಮನೇಲಿರೋ ತನಕ ಅದು ನಿಂದು" ಎಂದು ದಾರಿ ಹೇಳಿದ.

ಆ ವರ್ಷ ಲಿಮೋಜ್ ಊರಿನ ರೈಲ್ವೆ ಕೆಲಸದವನು ಮಾರ್ಸ್ಯಾಲ್ ಇರ್ಮಾಳನ್ನು ಮದುವೆಗೆ ಕೇಳಿದ್ದ. ಒಳ್ಳೆಯ ಮನುಷ್ಯ, ಕುಡಿತವಿಲ್ಲ, ಸರ್ಕಾರದ ಮನೆ. ಈಸ್ಟರ್ ಹಬ್ಬಕ್ಕೆ ಉತ್ತರ ಕೇಳಲು ಬಂದವನಿಗೆ ಇವಳು ಆಗುವುದಿಲ್ಲ ಎಂದಳು. ಯಾಕೆ ಎಂದರೆ ಹೇಳುವಂತಿರಲಿಲ್ಲ. ಅವಳ ಮಟ್ಟಿಗೆ ಅದು ತ್ಯಾಗವೂ ಅಲ್ಲ. ಹುಟ್ಟಿದಾಗಿನಿಂದ ಆ ಮನೆಯಲ್ಲಿ ಮಾಂಸದ ಒಳ್ಳೆಯ ತುಂಡು, ಒಲೆಯ ಪಕ್ಕದ ಜಾಗ, ಎಲ್ಲ ಫಿರ್ಮೆನ್‌ಗೇ ಹೋಗಿತ್ತು. ಮೊದಲ ಸಲ ಅಪ್ಪ ಅವನನ್ನು ಬಿಟ್ಟು ಇವಳನ್ನು ಆರಿಸಿದ್ದ. ಅದನ್ನು ಬಿಟ್ಟು ಲಿಮೋಜಿಗೆ ಹೋಗಿ ರೈಲು ಎಣಿಸುತ್ತ ಕೂರುವವಳಲ್ಲ ಅವಳು.

ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರೂ ಆಗುತ್ತಿತ್ತು. ಆ ವರ್ಷದ ಅಣಬೆ ಬುಟ್ಟಿ ತುಂಬಿಕೊಂಡು ಬರುವಾಗ ದಾರಿಯಲ್ಲಿ ತಮ್ಮ ಎದುರಾದ. "ಅಪ್ಪ ನಂಗೆ ಹೇಳಿದ, ನಿಂಗೆ ಹೇಳ್ಲಿಲ್ಲ. ಯಾಕೆ ಅಂತ ಮನೆಗೆ ಹೋಗಿ ಯೋಚ್ನೆ ಮಾಡು" ಎಂದಳು. ಅವನು ಬುಟ್ಟಿಯನ್ನೊಮ್ಮೆ ನೋಡಿ ಕೆಳಗಿನ ಕೇರಿಗೆ ಇಳಿದು ಹೋದ. ಅಂದಿನಿಂದ ಇಪ್ಪತ್ತೆರಡು ವರ್ಷ ಅಕ್ಕತಮ್ಮಂದಿರಿಗೆ ಮಾತಿಲ್ಲ. ಅಮ್ಮನ ಶವದ ಎರಡು ಪಕ್ಕ ನಿಂತಾಗಲೂ ಇಲ್ಲ, ಫಿರ್ಮೆನ್‌ನ ಹೆಂಡತಿ ಸತ್ತಾಗಲೂ ಇಲ್ಲ.

ಸಬೀನ್ ಬಂದದ್ದು ಎಂಬತ್ತಮೂರರ ಜುಲೈಯಲ್ಲಿ. ಪ್ಯಾರಿಸ್ಸಿನ ಶಾಲೆಯೊಂದರಲ್ಲಿ ಭೂಗೋಳ ಹೇಳಿಕೊಡುವ ಹೆಂಗಸು, ನಲವತ್ತರ ಆಸುಪಾಸು. ಇರ್ಮಾಳ ಮಹಡಿಯ ಕೋಣೆಯನ್ನು ಎರಡು ತಿಂಗಳಿಗೆ ಹಿಡಿದಳು. ಬೇಸಿಗೆಯ ಜನ ಹೇಗೆಂದು ಊರಿಗೆ ಗೊತ್ತು. ಕೋಳಿ ಕೂಗಿದರೆ ಆಹಾ, ಸಗಣಿ ನಾತ ಬಂದರೆ ಆಹಾ, ಸೆಪ್ಟೆಂಬರಿನ ಮೊದಲ ಚಳಿಗೆ ಪರಾರಿ. ಸಬೀನ್ ಅವರೆಲ್ಲರಿಗಿಂತ ಒಂದು ಕೈ ಹೆಚ್ಚು. ಟೊಮ್ಯಾಟೊ ಹೆಚ್ಚಿ ಅಕ್ರೋಟಿನ ಎಣ್ಣೆ ಸುರಿದು ಕೊಟ್ಟರೆ ಕಣ್ಣು ಮುಚ್ಚಿ ತಿನ್ನುತ್ತಿದ್ದಳು. ಬೆಳ್ಳುಳ್ಳಿ ಸಾರಿಗೆ ಎರಡು ಸಲ ತಟ್ಟೆ ಒಡ್ಡುತ್ತಿದ್ದಳು. ತಳದಲ್ಲಿ ಉಳಿದ ಸಾರಿಗೆ ಕೆಂಪು ವೈನ್ ಸುರಿದು ಇರ್ಮಾ ತಟ್ಟೆಯನ್ನೇ ಎತ್ತಿ ಕುಡಿದರೆ, ಇವಳೂ ಹಾಗೇ ಕುಡಿದು, ಅಂಗಿಯ ಮೇಲೆಲ್ಲ ಚೆಲ್ಲಿಕೊಂಡು ನಗುತ್ತಿದ್ದಳು.

"ಮದ್ಮೊಜೆಲ್ ಇರ್ಮಾ, ನಿಮ್ಮ ಕೈ ರುಚಿ ಪ್ಯಾರಿಸ್ಸಲ್ಲಿ ಯಾವ ದೊಡ್ಡ ಹೋಟೆಲಲ್ಲೂ ಇಲ್ಲ."

"ಹೊಟ್ಟೆ ಹಸಿದವ್ರಿಗೆ ಹುಲ್ಲೂ ರುಚೀನೇ ಮದಾಮ್" ಎಂದು ಇರ್ಮಾ ಗೊಣಗುತ್ತಿದ್ದಳು. ಒಳಗೊಳಗೆ ಮಾತ್ರ ಕರಗಿ ಹೋಗಿದ್ದಳು. ಐವತ್ತೆಂಟು ವರ್ಷದಲ್ಲಿ ಅವಳ ಅಡುಗೆಯನ್ನು ಹೊಗಳಿದವರೇ ಇರಲಿಲ್ಲ. ಹೊಗಳಿಕೆಗೆ ಬಗ್ಗದ ಕತ್ತು ಯಾವುದಿದೆ? ಜುಲೈ ಮುಗಿಯುವಷ್ಟರಲ್ಲಿ ಸಬೀನ್‌ಗೋಸ್ಕರ ಬಾತುಕೋಳಿ ಕೊಯ್ಯುವುದು, ಸಬೀನ್‌ಗೋಸ್ಕರ ಪ್ಲಮ್ ಹಣ್ಣಿನ ಹೋಳಿಗೆಯಂಥದ್ದು ಬೇಯಿಸುವುದು, ಎಲ್ಲ ಶುರುವಾಯಿತು. ಮಾರ್ಸ್ಯಾಲ್‌ನ ಕಥೆಯನ್ನೂ ಹೇಳಿದಳು, ತಮ್ಮನ ಜೊತೆ ಮಾತು ಬಿಟ್ಟದ್ದನ್ನೂ ಹೇಳಿದಳು. "ಬರೀ ಅಣಬೆಗಾ?" ಎಂದು ಸಬೀನ್ ಕೇಳಿದಾಗ ಮಾತ್ರ ಅವಳಿಗೆ ಸ್ವಲ್ಪ ಸಿಟ್ಟು ಬಂತು.

ಆಗಸ್ಟ್ ಮಧ್ಯದಲ್ಲಿ ಗುಡುಗು ಮಳೆ ಹೊಡೆಯಿತು. ಎಂಟು ದಿನ ಕಳೆದು ಬೆಳಿಗ್ಗೆ ಇರ್ಮಾ ಬುಟ್ಟಿ ಎತ್ತಿಕೊಂಡಳು. ಸಬೀನ್ ಮೆಟ್ಟಿಲಲ್ಲಿ ನಿಂತು, "ನನ್ನನ್ನೂ ಕರ್ಕೊಂಡು ಹೋಗಿ" ಎಂದಳು. ಊರಿನವರು ಯಾರು ಹಾಗೆ ಕೇಳಿದ್ದರೂ ಮುಖಕ್ಕೆ ಬಾಗಿಲು ಬೀಳುತ್ತಿತ್ತು. ಆದರೆ ಇರ್ಮಾ ಲೆಕ್ಕ ಹಾಕಿದಳು. ಪ್ಯಾರಿಸ್ಸಿನವಳು, ಹದಿನೈದು ದಿನಕ್ಕೆ ಹೊರಡುವವಳು, ಓಕ್ ಮರಕ್ಕೂ ಚೆಸ್ಟ್‌ನಟ್ ಮರಕ್ಕೂ ವ್ಯತ್ಯಾಸ ತಿಳಿಯದವಳು. ಇಂಥವಳಿಗೆ ತೋರಿಸಿದರೆ ಗೋಡೆಗೆ ಹೇಳಿದ ಹಾಗೆ. ಅದೂ ಅಲ್ಲದೆ, ಇಪ್ಪತ್ತೆರಡು ವರ್ಷದ ಸಂಪತ್ತನ್ನು ಒಬ್ಬರಾದರೂ ನೋಡಿ ಬೆರಗಾಗಲಿ ಎಂಬ ಆಸೆ. ಹಳ್ಳ ದಾಟಿಸಿ, ಹಾಳು ಗಿರಣಿಯ ಸುತ್ತ ಎರಡು ಸುತ್ತು ಹಾಕಿಸಿ, ಮುಳ್ಳಿನ ನಡುವೆ ನುಸುಳಿಸಿ ಕರೆದುಕೊಂಡು ಹೋದಳು. ಭೂಗೋಳದ ಟೀಚರಿಗೆ ಸುತ್ತು ಹಾಕಿಸಿದರೆ ದಿಕ್ಕು ತಪ್ಪೀತೇ? ಅದು ಇರ್ಮಾಳಿಗೆ ಹೊಳೆಯಲಿಲ್ಲ.

ಚೆಸ್ಟ್‌ನಟ್ ಇಳಿಜಾರಿನಲ್ಲಿ ಕಂದು ಟೋಪಿಯ ಅಣಬೆಗಳು ನಲವತ್ತಕ್ಕೂ ಹೆಚ್ಚು ಎದ್ದಿದ್ದವು. ಸಬೀನ್ ಮಂಡಿಯೂರಿ ಕೂತುಬಿಟ್ಟಳು. ಮಧ್ಯಾಹ್ನ ಇರ್ಮಾ ಅವನ್ನು ಬಾತುಕೋಳಿಯ ಕೊಬ್ಬಿನಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ, ಕೊನೆಗೆ ಬೆಳ್ಳುಳ್ಳಿ ಹಾಕಿ ಇಳಿಸಿದಳು. ಇಬ್ಬರೂ ರೊಟ್ಟಿಯಿಂದ ಬಾಣಲೆ ಒರೆಸಿ ತಿಂದರು. ತನ್ನ ಬದುಕಿನಲ್ಲಿ ಇಷ್ಟು ಸಂತೋಷದ ಊಟ ಇನ್ನೊಂದಿಲ್ಲ ಎಂದು ಇರ್ಮಾಳಿಗೆ ಅನ್ನಿಸಿತು.

ಸಬೀನ್ ಹೊರಡುವ ಹಿಂದಿನ ಭಾನುವಾರ. ಸಾರು ಮೇಜಿಗೆ ಬಂದಿತ್ತು. ಬಾಗಿಲಲ್ಲಿ ಫಿರ್ಮೆನ್ ನಿಂತಿದ್ದ, ಇಸ್ತ್ರಿ ಮಾಡಿದ ಅಂಗಿ ತೊಟ್ಟು.

"ಮದಾಮ್ ಕರೆದ್ರು, ಬಂದೆ" ಎಂದ, ಅಕ್ಕನ ಮುಖ ನೋಡದೆ.

"ಯಾರ ಮನೆಗೆ ಯಾರು ಕರೆಯೋದು?"

"ಕೋಪ ಮಾಡ್ಕೋಬೇಡಿ" ಎಂದು ಸಬೀನ್ ಎದ್ದು ಕುರ್ಚಿ ಎಳೆದಳು. "ನಾನು ಹೋಗೋಕ್ಕೆ ಮುಂಚೆ ನಿಮ್ಮಿಬ್ಬರನ್ನೂ ಒಂದೇ ಮೇಜಲ್ಲಿ ನೋಡ್ಬೇಕು ಅನ್ನಿಸ್ತು."

ಸಾರು ಬಡಿಸಿದ ಮೇಲೆ ಹೊಸ್ತಿಲಿನಿಂದ ಯಾರನ್ನೂ ಓಡಿಸುವ ಪದ್ಧತಿಯಿಲ್ಲ. ಇರ್ಮಾ ಇನ್ನೊಂದು ತಟ್ಟೆ ತಂದು ಕುಕ್ಕಿದಳು. ಮೂವರೂ ತಟ್ಟೆ ನೋಡಿಕೊಂಡೇ ಸಾರು ಕುಡಿದರು. ತಟ್ಟೆಗೆ ವೈನ್ ಸುರಿದು ಕುಡಿದಾದ ಮೇಲೆ ಫಿರ್ಮೆನ್ ಜೇಬಿನಿಂದ ಮಡಿಸಿದ ನಕ್ಷೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಕಾಡಿನ ಹಸಿರಿನ ಮೇಲೆ ಕೆಂಪು ಪೆನ್ಸಿಲಿನ ಗುರುತು. ಸರಿಯಾಗಿ ಚೆಸ್ಟ್‌ನಟ್ ಇಳಿಜಾರಿನಲ್ಲೇ.

ಇರ್ಮಾ ಸಬೀನ್ ಕಡೆ ತಿರುಗಿದಳು. "ನೀವಾ ಕೊಟ್ಟಿದ್ದು?"

"ಜಗಳಕ್ಕೆ ಕಾರಣನೇ ಇಲ್ಲದ ಹಾಗೆ ಮಾಡೋಣ ಅಂತ..." ಸಬೀನ್ ತಡವರಿಸಿದಳು. "ಇಬ್ರಿಗೂ ಗೊತ್ತಾದ್ರೆ ಇಬ್ರೂ ಒಟ್ಟಿಗೆ ಹೋಗ್ಬಹುದಲ್ಲ."

"ನಾನು ಅನ್ನ ಹಾಕಿದ್ದಕ್ಕೆ ನನ್ನ ಮನೆಗೇ ಕನ್ನ ಹಾಕಿದ್ರಿ!"

"ಬಿಡು ಇರ್ಮಾ" ಎಂದ ಫಿರ್ಮೆನ್. ಇಪ್ಪತ್ತೆರಡು ವರ್ಷದ ಮೇಲೆ ಅವನ ಬಾಯಲ್ಲಿ ಅವಳ ಹೆಸರು. "ಇವ್ರೇನೂ ಕದಿಲಿಲ್ಲ. ಇದು ನಂಗೆ ಬೇಡ, ವಾಪಸ್ ಕೊಡೋಕೆ ಬಂದೆ. ಆ ಜಾಗ ನಂಗೆ ಗೊತ್ತು."

"ಸುಳ್ಳು."

"ನನ್ ಮದುವೆಗೆ ಮುಂಚೇನೇ ಅಪ್ಪ ತೋರ್ಸಿದ್ದ. ಗಿರಣಿ ದಾಟಿದ್ಮೇಲೆ ಬಲಕ್ಕೆ, ಸೀಳಿದ ಬಂಡೆ ಮೇಲ್ಗಡೆ."

ಬಂಡೆಯ ಗುರುತು ನಕ್ಷೆಯಲ್ಲಿರಲಿಲ್ಲ.

"ಗೊತ್ತಿದ್ರೆ ಯಾಕೆ ಬರ್ಲಿಲ್ಲ ಒಂದು ದಿನಾನೂ?"

ಫಿರ್ಮೆನ್ ರೊಟ್ಟಿಯ ಚೂರುಗಳನ್ನು ಬೆರಳಲ್ಲಿ ಒಟ್ಟು ಮಾಡುತ್ತ ಕುಳಿತ. ಹೇಳದೆ ಎದ್ದು ಹೋಗಿದ್ದರೆ ಒಳ್ಳೆಯದಿತ್ತು. ಆದರೆ ಅಷ್ಟು ವರ್ಷ ನುಂಗಿದ್ದವನಿಗೂ ಒಂದು ದಿನ ಸಾಕಾಗುತ್ತದೆ.

"ಅಪ್ಪ ಹಾಸಿಗೆ ಹಿಡಿದ್ಮೇಲೆ ನನ್ ಕೈಲಿ ಆಣೆ ಹಾಕ್ಸಿದ್ದ. 'ಇರ್ಮಾಗೂ ಹೇಳ್ತೀನಿ, ಅವಳೊಬ್ಬಳಿಗೇ ಅಂತ ಹೇಳ್ತೀನಿ, ನೀನು ಬಾಯಿ ಬಿಡ್ಬೇಡ. ಇಲ್ಲದಿದ್ರೆ ಅವಳು ಆ ರೈಲಿನವನ ಹಿಂದೆ ಹೋಗ್ಬಿಡ್ತಾಳೆ, ನಿಮ್ಮಮ್ಮನ್ನ ಎತ್ತಿ ಕೂರ್ಸೋರು ಯಾರು' ಅಂದ. ನಾನು ಹೂಂ ಅಂದೆ. ನನ್ ಹೆಂಡ್ತಿ ಅಮ್ಮನ್ನ ನೋಡ್ಕೊಳಲ್ಲ ಅಂದಿದ್ಲು. ಆಮೇಲೆ ನೀನು ದಾರೀಲಿ ಆ ಬುಟ್ಟಿ ಹಿಡ್ಕೊಂಡು ಹಾಗೆ ಅಂದೆ. ನಾನು ಏನಂತ ಹೇಳ್ಲಿ? ಕನಿಷ್ಠ ಅದಾದ್ರೂ ನಿಂಗಿರ್ಲಿ ಅಂತ ಆ ಕಡೆ ಕಾಲಿಡ್ಲಿಲ್ಲ."

ಅಪ್ಪ ಮಣಿಕಟ್ಟು ಹಿಡಿದದ್ದು ಪ್ರೀತಿಯಿಂದಲ್ಲ, ಹಸುವಿನ ಹಗ್ಗ ಹಿಡಿದ ಹಾಗೆ. ಅದು ಇರ್ಮಾಳಿಗೆ ಈಗ ತಿಳಿಯಿತು.

"ಅಂದ್ರೆ ಇಷ್ಟು ವರ್ಷ ನೀನು ನಂಗೆ ಭಿಕ್ಷೆ ಹಾಕ್ತಿದ್ದೆ" ಎಂದಳು.

"ಹಾಗಲ್ಲ ಇರ್ಮಾ."

"ಹಾಗೇನೇ. ಹೋಗು."

ಸಬೀನ್ ಅಳುತ್ತಿದ್ದಳು. ಅಳುತ್ತಲೇ ಅವಳ ಕೈ ಹಿಡಿದು, "ಆದ್ರೂ ಈಗ ನಿಜ ಗೊತ್ತಾಯ್ತಲ್ಲ, ಇನ್ನಾದ್ರೂ..." ಎಂದಳು. ಇರ್ಮಾ ಕೈ ಬಿಡಿಸಿಕೊಂಡು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಮಾರನೆಯ ದಿನ ಸಬೀನ್ ಹೊರಟಾಗ ಹಿತ್ತಲಿನಿಂದ ಈಚೆ ಬರಲಿಲ್ಲ.

ಸೆಪ್ಟೆಂಬರಿನಲ್ಲಿ ಮತ್ತೆ ಹದವಾದ ಮಳೆ ಬಿತ್ತು. ಸಂತೆಯ ದಿನ ಇರ್ಮಾ ಮೊಟ್ಟೆ ಮಾರುತ್ತ ಕುಳಿತಿದ್ದಾಗ ಯಾರೋ ತಮಾಷೆಗೆ, "ಏನು ಮದ್ಮೊಜೆಲ್, ಈ ಸಲ ಅಣಬೆ ಎಲ್ಲಿ?" ಎಂದರು. ಇರ್ಮಾ ತಲೆಯೆತ್ತಿ ಹೇಳಿಬಿಟ್ಟಳು. ಗಿರಣಿ, ಬಲಕ್ಕೆ, ಸೀಳಿದ ಬಂಡೆ, ಮೇಲಿನ ಇಳಿಜಾರು. ಮೊಟ್ಟೆ ಕೊಳ್ಳಲು ಬಂದವರಿಗೆ, ಬರದವರಿಗೆ, ಕೇಳಿದವರಿಗೆ, ಕೇಳದವರಿಗೆ, ಅಂಚೆಯವನಿಗೆ, ಪಾದ್ರಿಗೆ, ಎಲ್ಲರಿಗೂ ಹೇಳಿದಳು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಣ್ಣು ಮಿಟುಕಿಸಿದರು. ವೆರ್ನ್ಯಾದ್‌ನಲ್ಲಿ ಒಬ್ಬರು ಬಾಯಿಬಿಟ್ಟು ಜಾಗ ಹೇಳಿದರೆಂದರೆ, ಅದೊಂದನ್ನು ಬಿಟ್ಟು ಬೇರೆ ಕಡೆ ಹುಡುಕಬೇಕೆಂದೇ ಅರ್ಥ.

"ಮುದುಕಿ ಜಾಣೆ, ನಮ್ಮನ್ನ ಮುಳ್ಳಿಗೆ ಕಳಿಸ್ತಾಳೆ" ಎಂದು ನಕ್ಕು, ಬುಟ್ಟಿ ಹಿಡಿದು ಎಲ್ಲರೂ ಹಳ್ಳದ ಈಚೆ ದಂಡೆಗೇ ಹೋದರು.

ಆ ವರ್ಷ ಇಳಿಜಾರಿನಲ್ಲಿ ಹಿಂದೆಂದೂ ಏಳದಷ್ಟು ಅಣಬೆ ಎದ್ದಿತ್ತು. ಇರ್ಮಾ ಹೋಗಲಿಲ್ಲ. ಫಿರ್ಮೆನ್ನೂ ಹೋಗಲಿಲ್ಲ. ಹುಳ ಹತ್ತಿ ಅಲ್ಲೇ ಕೊಳೆತವು.