ಗುಂಗುರು ಕೂದಲಿನ ಕೆಳಗೆ

ಎಂಬತ್ತರ ದಶಕದ ಮೊದಲಲ್ಲಿ ನಾವು ಆರ್.ಟಿ. ನಗರದ ಒಂದು ಮನೆಯ ಹಿಂದಿನ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದೆವು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನನ್ನ ಗಂಡ ಯಶವಂತಪುರದ ಕಾರ್ಖಾನೆಗೆ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದರು, ನಾನು ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದೆ. ಮುಂದಿನ ಮನೆಯಲ್ಲಿ ಓನರ್ ಆಂಟಿ ಒಬ್ಬರೇ. ಗಂಡ ತೀರಿಕೊಂಡಿದ್ದರು, ಮಗಳು ಮೈಸೂರಿನಲ್ಲಿದ್ದಳು. ಅವರ ಜೊತೆಗಿದ್ದದ್ದು ಮೈತುಂಬ ಬಿಳಿ ಗುಂಗುರು ಕೂದಲಿನ ಒಂದು ಪುಟ್ಟ ನಾಯಿ. ಸಂಜೆ ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಆಂಟಿ ಅದಕ್ಕೆ ಬಾಚುತ್ತಿದ್ದರೆ ದಾರಿಹೋಕರು ನಿಂತು ನೋಡಿ ಹೋಗುತ್ತಿದ್ದರು. ಆಂಟಿಗೆ ಅದೊಂದು ಹೆಮ್ಮೆ.

ಆ ಮಳೆಗಾಲದಲ್ಲಿ ಮಗಳ ಮನೆಯ ಗೃಹಪ್ರವೇಶಕ್ಕೆಂದು ಹೊರಟವರು ನಾಯಿಯನ್ನು ನನ್ನ ಕೈಗೆ ಒಪ್ಪಿಸಿದರು. ಬಾಚಣಿಗೆಯನ್ನೂ ಕೊಟ್ಟು, "ದಿನಾ ಒಂದ್ಸಲ ಬಾಚಮ್ಮ, ಸಾಕು" ಅಂದರು.

ಒಂದು ದಿನ ಅದು ಎದುರಿನ ಖಾಲಿ ಸೈಟಿಗೆ ನುಗ್ಗಿ ಕೆಸರಿನಲ್ಲಿ ಹೊರಳಾಡಿ ಬಂತು. ನಾನು ಬಿಸಿನೀರು ಕಾಯಿಸಿ, ಸೋಪು ಹಚ್ಚಿ ಚೆನ್ನಾಗಿ ತಿಕ್ಕಿ ತೊಳೆದೆ. ಮೊದಲು ಗಂಟು ಬಿಡಿಸಿ ಆಮೇಲೆ ನೀರು ಹಾಕಬೇಕೆಂದು ನನಗೆ ಗೊತ್ತಿರಲಿಲ್ಲ. ಒಣಗಿದ ಮೇಲೆ ನೋಡಿದರೆ ಕೂದಲೆಲ್ಲ ಬಿಗಿದುಕೊಂಡು ಕಂಬಳಿಯ ಹಾಗಾಗಿತ್ತು. ಬಾಚಣಿಗೆ ಇಟ್ಟರೆ ನಾಯಿ ಕುಂಯ್‌ಗುಟ್ಟುತ್ತಿತ್ತು. ಕೊನೆಗೆ ಭಾನುವಾರ ನನ್ನ ಗಂಡ ಅದನ್ನು ತೊಡೆಯ ಮೇಲೆ ಹಿಡಿದುಕೊಂಡರು. ನಾನು ರವಿಕೆ ಕತ್ತರಿಸುವ ಕತ್ತರಿಯನ್ನೇ ತೆಗೆದುಕೊಂಡೆ.

ಕಿವಿಯ ಹಿಂದಿನ ಗಂಟು ಕತ್ತರಿಸುತ್ತಿದ್ದ ಹಾಗೆ ನನ್ನ ಕೈ ನಿಂತುಹೋಯಿತು. ಕೆಳಗೆ ಚರ್ಮ ಕೆಂಪಾಗಿ ಹುಣ್ಣಾಗಿತ್ತು, ಒಂದೆರಡು ಕಡೆ ಹುಣ್ಣು ಹಳತಾಗಿ ಹಕ್ಕಳೆ ಕಟ್ಟಿತ್ತು. ಕಂಕುಳಲ್ಲೂ ಹಾಗೇ. ಎಲ್ಲಾ ಕತ್ತರಿಸದೆ ಬೇರೆ ದಾರಿ ಇರಲಿಲ್ಲ. ಮುಗಿದಾಗ ನಮ್ಮೆದುರು ನಿಂತದ್ದು ಗುರುತೇ ಸಿಗದಂಥ ಬಡಕಲು ಪ್ರಾಣಿ, ಮೈಮೇಲೆಲ್ಲ ಕತ್ತರಿ ಆಡಿದ ಮೆಟ್ಟಿಲು ಮೆಟ್ಟಿಲು ಗುರುತು. ಹೆಬ್ಬಾಳದ ದನದ ಆಸ್ಪತ್ರೆಗೆ ಆಟೋದಲ್ಲಿ ಕರೆದುಕೊಂಡು ಹೋದೆವು. ಡಾಕ್ಟರು ಮುಲಾಮು ಕೊಟ್ಟು, "ಇದು ಈಗಿಂದಲ್ಲ, ತಿಂಗಳುಗಟ್ಟಲೆ ಗಾಳಿ ಆಡಿಲ್ಲ" ಅಂದರು. ಬೀದಿಯಲ್ಲಿ ಕಂಡವರು ನಕ್ಕರು. ನಾನು ಸೆರಗಿನಲ್ಲಿ ಅದನ್ನು ಮುಚ್ಚಿಕೊಂಡು ಓಡಾಡಿದೆ.

ಆಂಟಿ ಬಂದಾಗ ಜೊತೆಯಲ್ಲಿ ಮಗಳೂ ಮಗಳ ಅತ್ತೆಯೂ ಇದ್ದರು. ನಾಯಿ ಬಾಲ ಅಲ್ಲಾಡಿಸುತ್ತಾ ಓಡಿತು. ಆಂಟಿ ಹಿಂದಕ್ಕೆ ಸರಿದರು.

"ಏನಮ್ಮಾ ಇದು? ನಂಬಿ ಬಿಟ್ಟು ಹೋದ್ರೆ ಹಿಂಗಾ ಮಾಡೋದು?"

"ತಪ್ಪಾಯ್ತು ಆಂಟಿ, ಸ್ನಾನ ಮಾಡ್ಸಿ ಗಂಟಾಗೋಯ್ತು," ಅಂದೆ. ಆ ಹೆಂಗಸರ ಎದುರು ತಲೆಯೆತ್ತಲಾಗಲಿಲ್ಲ.

ನನ್ನ ಗಂಡನಿಗೆ ಅದನ್ನು ಸಹಿಸಲಾಗಲಿಲ್ಲ. "ಅವಳದ್ದೊಂದೇ ತಪ್ಪಲ್ಲ ಆಂಟಿ. ಒಳಗೆ ಹುಣ್ಣಾಗಿತ್ತು. ಬಹಳ ಹಳೇದು ಅಂತ ಡಾಕ್ಟ್ರೇ ಹೇಳಿದ್ರು."

ಮಗಳ ಅತ್ತೆ ಆಂಟಿಯ ಮುಖ ನೋಡಿದರು. ಆಂಟಿ ನಾಯಿಯನ್ನೂ ಕರೆಯದೆ ಒಳಗೆ ಹೋದರು. ಬೈಸಿಕೊಂಡಾಗ ಆದದ್ದಕ್ಕಿಂತ ಹೆಚ್ಚು ನಾಚಿಕೆ ನನಗೆ ಆಗ ಆಯಿತು. ನನ್ನ ಗಂಡ ಹೇಳಿದ್ದು ನಿಜವೇ. ಆದರೂ ಅಲ್ಲಿ ಹೇಳಬಾರದಿತ್ತು ಅನ್ನಿಸಿ ಗಂಡನ ಜೊತೆ ಅವತ್ತು ನಾನು ಮಾತಾಡಲಿಲ್ಲ.

ನೆಂಟರು ಹೋದ ಮೇಲೆ ಆಂಟಿ ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಬಲಗೈ ಮುಂದೆ ಚಾಚಿದರು. ಬೆರಳ ಗೆಣ್ಣುಗಳು ಊದಿ ಸೊಟ್ಟಗಾಗಿದ್ದವು.

"ಮಡಚಕ್ಕಾಗಲ್ಲ ಕಣಮ್ಮ. ಬುಡದವರೆಗೆ ಬಾಚಕ್ಕೆ ಶಕ್ತಿ ಬೇಕು. ಮೇಲೆ ಮೇಲೆ ಆಡಿಸ್ತಿದ್ದೆ, ನೋಡೋರಿಗೆ ಚೆನ್ನಾಗಿರ್ಲಿ ಅಂತ. ಕೈ ಹಿಂಗಾಗಿರೋದು ಮಗಳಿಗೆ ಗೊತ್ತಾದ್ರೆ ನಾಯೀನ ಯಾರಿಗಾದ್ರೂ ಕೊಟ್ಬಿಡಿ ಅಂತಾಳೆ."

ಅಷ್ಟು ದಿನ ಒಂದೇ ಕಾಂಪೌಂಡಿನಲ್ಲಿದ್ದೂ ನಾನು ಆ ಕೈಯನ್ನು ಗಮನಿಸಿರಲಿಲ್ಲ. "ಒಳಗೆ ಬನ್ನಿ ಆಂಟಿ" ಅಂದೆ.

ಮುಲಾಮಿಗೆ ಹುಣ್ಣು ಮಾಯಿತು, ಕೂದಲು ಮತ್ತೆ ಸುರುಳಿ ಸುರುಳಿಯಾಗಿ ಬಂತು. ಮಧ್ಯಾಹ್ನ ಹೊಲಿಗೆ ಬದಿಗಿಟ್ಟು ನಾನು ಬಾಚುತ್ತಿದ್ದೆ, ಆಂಟಿ ಮಣೆಯ ಮೇಲೆ ಕೂತು ಹೇಳಿಕೊಡುತ್ತಿದ್ದರು. ಗಂಟಿನ ಬುಡವನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿ, ಆಗ ಚರ್ಮ ಎಳೆಯಲ್ಲ. ಒಂಚೂರು ಕೊಬ್ಬರಿ ಎಣ್ಣೆ ಮುಟ್ಟಿಸು, ತುದಿಯಿಂದ ಬಿಡಿಸ್ತಾ ಬಾ. ನನ್ನ ಗಂಡನ ಜೊತೆ ಮಾತ್ರ ಆಂಟಿ ಬಹಳ ದಿನ ಸರಿಯಾಗಿ ಮಾತಾಡಲಿಲ್ಲ. ಇವರೂ ಗೇಟು ದಾಟುವಾಗ ಸೈಕಲ್ಲಿಂದ ಇಳಿದು ತಲೆ ತಗ್ಗಿಸಿಕೊಂಡೇ ಹೋಗುತ್ತಿದ್ದರು.

ದೀಪಾವಳಿಗೆ ಮಗಳು ಬಂದಳು. ನಾಯಿಯ ಕೂದಲಲ್ಲಿ ಬೆರಳಾಡಿಸಿ, ತಾಯಿಯ ಕಡೆ ತಿರುಗಿ, "ಎಷ್ಟ್ ಚೆನ್ನಾಗಿಟ್ಟಿದ್ದೀಯಮ್ಮ! ನೀನೇ ಬಾಚ್ತೀಯಾ?" ಅಂದಳು.

ಆಂಟಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ನನ್ನ ಕಡೆ ನೋಡಿದರು.

"ದಿನಾ ಅವರೇ ಬಾಚೋದು," ಅಂದೆ ನಾನು.